ಗಿಣಿಯ ಗೆಳೆಯರು

ದರ್ಜಿಯ ಮಗಳು ಅವಳು. ಅಂಗಡಿಗೆ ಬಂದುಹೋಗುವ ಗಿರಾಕಿಗಳ ಮಾತು, ನಡಿಗೆ, ಕೆಮ್ಮು ಎಲ್ಲವನ್ನೂ ಹಾಗೆಹಾಗೇ ಆಡಿ ತೋರಿಸುತ್ತಿದ್ದಳೆಂದು ಮನೆಯವರು ಗಿಣಿ ಎಂದರು, ಅದೇ ನಿಂತಿತು. ಕಟ್ಟುಹಲ್ಲು ತಯಾರಿಸುವ ಕೆಲಸ ಕಲಿಯಲು ಹೊರದೇಶಕ್ಕೆ ಹೊರಟಾಗ ಅಪ್ಪ ಹೇಳಿದ್ದು ಇಷ್ಟು: "ಯಾರನ್ನಾದ್ರೂ ಜೊತೆ ಮಾಡ್ಕೋ ಮಗಾ. ಒಬ್ಬಳೇ ಮೂಲೆ ಹಿಡ್ಕೊಂಡು ಕೂರಬೇಡ."

ಮೂಲೆಯೇ ಗತಿಯಾಯಿತು. ತರಗತಿಯಲ್ಲಿ ಐದಾರು ದೇಶದವರಿದ್ದರು. ಮೇಣದಲ್ಲಿ ಹಲ್ಲು ಕೆತ್ತುವಾಗ ಪಕ್ಕದವರ ಚಾಕು ಕೇಳಲೂ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಉದ್ದ ಮೇಜಿನ ಸುತ್ತ ಸೇರಿದರೆ ಇವಳು ಕೈತೊಳೆಯುವ ನಲ್ಲಿಯ ಹತ್ತಿರ ನಿಂತೇ ಡಬ್ಬಿ ಖಾಲಿ ಮಾಡುತ್ತಿದ್ದಳು.

ಮಾತಿಗೆ ಇದ್ದವಳು ಅಕ್ಕ ಒಬ್ಬಳೇ. ಒಡಹುಟ್ಟಿದವಳಲ್ಲ, ಅದೇ ಬಾಡಿಗೆ ಮನೆಯ ಪಕ್ಕದ ಕೋಣೆಯಲ್ಲಿದ್ದ, ಇವಳದೇ ಭಾಷೆಯ ಹೆಂಗಸು. ಇನ್ನೂ ಮಾತು ಬಾರದ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ನರ್ಸಿಂಗ್ ಓದಲು ಬಂದವಳು. ಗಿಣಿ ಬಂದಿಳಿದ ದಿನ ತನ್ನ ಕಂಬಳಿಯನ್ನು ಅವಳಿಗೆ ಕೊಟ್ಟು, ತಾನು ಕೋಟು ಹೊದ್ದು ಮಲಗಿದ್ದಳು. ಈಗ ಮಗು ಅಜ್ಜಿಯನ್ನೇ ಅಮ್ಮ ಎನ್ನುತ್ತಿತ್ತು. ಫೋನಿನಲ್ಲಿ ಅಕ್ಕನ ಮುಖ ಕಂಡರೆ ಓಡಿಹೋಗುತ್ತಿತ್ತು. "ಬಂಗಾರಿ, ಈ ಕಡೆ ನೋಡೇ. ಒಂದೇ ಒಂದ್ಸಲ ನೋಡೇ" ಎಂದು ಅಕ್ಕ ಗೋಗರೆದು, ಬಿಕ್ಕಿ, ಮೂಗೊರೆಸಿಕೊಂಡು ಮತ್ತೆ ಗೋಗರೆಯುವುದು ತೆಳುಗೋಡೆಯಾಚೆ ಮಲಗಿದ್ದ ಗಿಣಿಗೆ ಬಾಯಿಪಾಠವಾಗಿಹೋಗಿತ್ತು.

ಒಂದು ಮಧ್ಯಾಹ್ನ, ಜಿರಾಫೆ ಎಂದೇ ಎಲ್ಲರೂ ಕರೆಯುವ ಉದ್ದನೆಯ ಸಹಪಾಠಿ ತನ್ನ ಮನೆಯೊಡತಿಯ ಗೊರಕೆಯನ್ನು ಮಾಡಿ ತೋರಿಸಿದಳು. ಗಿಣಿ ಡಬ್ಬಿ ಹಿಡಿದುಕೊಂಡೇ ಮೇಜಿನ ಬಳಿ ಬಂದು, "ನನ್ನ ಪಕ್ಕದ ಕೋಣೆಯವಳು ಹೀಗೆ" ಎಂದಳು. ಅಂಗೈಯನ್ನೇ ಫೋನಿನಂತೆ ಮುಖದೆದುರು ಹಿಡಿದು ಗೋಗರೆದಳು, ಬಿಕ್ಕಿದಳು, ಮೂಗೊರೆಸಿದಳು. ಮಾತು ಒಬ್ಬರಿಗೂ ಅರ್ಥವಾಗಲಿಲ್ಲ, ಅದೇ ಮಜಾ. ಗಡ್ಡದವನೊಬ್ಬ ನಗುತ್ತ ಮೇಜಿಗೆ ತಲೆ ಕುಟ್ಟಿಕೊಂಡ. ಜಿರಾಫೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಇಲ್ಲಿ ಕೂತ್ಕೋ!"

ಅಲ್ಲಿಂದ ಗಿಣಿಗೆ ಗೆಳೆಯರ ಬರವಿರಲಿಲ್ಲ. ಸಿನಿಮಾಗೆ ಕರೆದರು, ಹುಟ್ಟುಹಬ್ಬಗಳಿಗೆ ಕರೆದರು. ಹೋದಲ್ಲೆಲ್ಲ ಒಂದೇ ಬೇಡಿಕೆ: "ಅಳುಬುರುಕಿಯನ್ನ ಮಾಡು!"

ಅವಳ ಹುಟ್ಟುಹಬ್ಬಕ್ಕೆ ಅವರೆಲ್ಲ ಮನೆಗೆ ಬಂದರು. ಬೆಳಗಿನಿಂದ ಅಡುಗೆ ಮಾಡಿದವಳು ಅಕ್ಕ. ಊಟದ ನಡುವೆ ಗಡ್ಡದವನು ಅದೇ ಬೇಡಿಕೆಯಿಟ್ಟ. ಅಳುಬುರುಕಿ ಅಲ್ಲೇ ಸೌಟು ಹಿಡಿದು ನಿಂತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಗಿಣಿಗೆ ಗೊತ್ತಿತ್ತು. ಬೇಡ ಎನ್ನಬಹುದಿತ್ತು. ಎಲ್ಲರ ಕಣ್ಣೂ ತನ್ನ ಮೇಲಿತ್ತು, ಮಾಡಿದಳು.

ಯಾರೋ ಸಿನಿಮಾದವರ ಅನುಕರಣೆ ಇರಬೇಕೆಂದು ಅಕ್ಕನೂ ಮೊದಲು ನಕ್ಕಳು. "ಬಂಗಾರಿ" ಎಂಬ ಮಾತು ಕಿವಿಗೆ ಬಿದ್ದಾಗ ನಗು ಅವಳ ಮುಖದ ಮೇಲೆ ಹಾಗೇ ಉಳಿದುಬಿಟ್ಟಿತು. ಉಳಿದವರಿಗೂ ಬಡಿಸಿದಳು, ಪಾತ್ರೆ ತೊಳೆದಿಟ್ಟಳು, ಕೋಣೆಗೆ ಹೋದಳು. ಮಾರನೆಯ ದಿನದಿಂದ ಮಗಳೊಡನೆ ಮಾತಾಡಲು ಫೋನು ಹಿಡಿದು ಬೀದಿಗಿಳಿಯತೊಡಗಿದಳು. ಗಿಣಿಯೊಡನೆ ಮಾತೆಂದರೆ "ನಲ್ಲಿ ಸರಿಯಾಗಿ ನಿಲ್ಸು" ಎಂಬಷ್ಟೇ.

ಚಳಿಗಾಲದ ಒಂದು ಭಾನುವಾರ ಗೆಳೆಯರು ಅಡುಗೆಮನೆಯಲ್ಲಿ ಹರಟುತ್ತಿದ್ದಾಗ ಗಿಣಿಗೆ ಅಣ್ಣನ ಫೋನು ಬಂತು. ಕೋಣೆಗೆ ಹೋಗಿ ತೆಗೆದುಕೊಂಡಳು. ಅಪ್ಪ ಹೊಲಿಯುತ್ತಿದ್ದಂತೆಯೇ ಮಿಷಿನ್ ಮೇಲೆ ಒರಗಿದ್ದರು, ಮತ್ತೆ ಏಳಲಿಲ್ಲ.

"ಅಪ್ಪನ ಮುಖ ತೋರ್ಸೋ ಅಣ್ಣಾ. ಒಂದೇ ಒಂದ್ಸಲ ತೋರ್ಸೋ," ಎಂದು ಗಿಣಿ ಕೂಗಿದಳು, ಬಿಕ್ಕಿದಳು.

ಅಡುಗೆಮನೆಯಿಂದ ನಗು ಸಿಡಿಯಿತು. ಎಲ್ಲರೂ ಬಾಗಿಲಿಗೆ ಬಂದರು. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಅಕ್ಕನೂ ಬಂದಳು.

"ಇವತ್ತಂತೂ ಸಖತ್ತಾಗಿದೆ!" ಎಂದು ಜಿರಾಫೆ ಅಕ್ಕನತ್ತ ತಿರುಗಿದಳು. "ನಿಮಗೆ ಇವಳ ಭಾಷೆ ಬರುತ್ತಲ್ಲಾ, ಏನಂತಿದ್ದಾಳೆ?"

ಅದು ನಿಜವಾದ ಅಳುವೆಂದು ಆ ಮನೆಯಲ್ಲಿ ತಿಳಿದಿದ್ದವಳು ಅಕ್ಕ ಒಬ್ಬಳೇ. ಅವಳು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ನನ್ನ ಥರ ಮಾಡ್ತಿದ್ದಾಳೆ. ನಗಿ."

ಗೆಳೆಯರು ಚಪ್ಪಾಳೆ ತಟ್ಟಿದರು.

"ಯಾರೇ ಅದು ನಗ್ತಿರೋದು?" ಎಂದ ಫೋನಿನಲ್ಲಿ ಅಣ್ಣ.

"ಫ್ರೆಂಡ್ಸು," ಎಂದಳು ಗಿಣಿ. ಅಣ್ಣ ಫೋನಿಟ್ಟ.

ವಿಷಯ ತಿಳಿದ ಮೇಲೆ ಗೆಳೆಯರು ಹೂಗುಚ್ಛ ತಂದುಕೊಟ್ಟರು. ಜಿರಾಫೆ ಅತ್ತಳು ಕೂಡ. ಆಮೇಲೆ ಗಿಣಿಯೆದುರು ಏನು ಮಾತಾಡಬೇಕೆಂದೇ ತೋಚದೆ ಒಬ್ಬೊಬ್ಬರಾಗಿ ದೂರ ಸರಿದರು. ಪರೀಕ್ಷೆಯಿದ್ದುದರಿಂದ ಗಿಣಿ ಊರಿಗೆ ಹೋಗಲಿಲ್ಲ. ಅಣ್ಣ ಮತ್ತೆ ಫೋನು ಮಾಡಲಿಲ್ಲ.

ಓದು ಮುಗಿಸಿ ಅಕ್ಕ ಮನೆಗೆ ಹೊರಟ ದಿನ ಗಿಣಿ ಅವಳ ಕೋಣೆಯ ಬಾಗಿಲಲ್ಲಿ ನಿಂತಳು. "ಅವತ್ತು ಹಾಗ್ಯಾಕಂದ್ರಿ ಅಕ್ಕಾ?"

ಮಗಳಿಗೆಂದು ಕೊಂಡ ಫ್ರಾಕುಗಳಿಂದ ಉಬ್ಬಿದ್ದ ಸೂಟ್‌ಕೇಸಿನ ಜಿಪ್ಪು ಎಳೆಯುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ.

"ಬಾಯಿಗೆ ಬಂತು, ಅಂದೆ. ಬಾ, ಇದರ ಮೇಲೆ ಕೂತ್ಕೋ. ಮುಚ್ತಾ ಇಲ್ಲ."

ಗಿಣಿ ಹೋಗಿ ಕೂತಳು.