ಎದ್ದದ್ದು ಯಾರು?

ಕಳೆದ ವಾರ ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿದೆ. 'ಯಾಕ್ ಸಾಮಿ, ಮನೇಲಿ ಗಂಡು ಮಗೂನಾ?' ಎಂದು ಕೇಳಿದರು. ಅಲ್ಲ, ನಮ್ಮ ಮೇಷ್ಟ್ರು ಎದ್ದು ಓಡಾಡುತ್ತಿದ್ದಾರೆ ಎಂದೆ. ಪಾಪ, ಗುರುತು ಪರಿಚಯವಿಲ್ಲದವರೂ ಸಂತೋಷಪಟ್ಟು ಬಾಯಿ ಸಿಹಿ ಮಾಡಿಕೊಂಡರು.

ಮೇಷ್ಟ್ರು ಎದ್ದಿರಲಿಲ್ಲ.

ನಾನೇನೂ ಸುಳ್ಳು ಹೇಳಲಿಲ್ಲ. ಕೇಳಿದ್ದನ್ನೇ ಹೇಳಿದೆ. ಆದರೆ ಕೇಳಿದ್ದೇನು? ಅಲ್ಲೇ ಇರುವುದು ಪಜೀತಿ.

ರಂಗಶಾಮಯ್ಯ ಮೇಷ್ಟ್ರು ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಈ ಅಂಕಣದಲ್ಲಿ ಒತ್ತಕ್ಷರಗಳು ನೆಟ್ಟಗಿದ್ದರೆ ಅದು ಅವರ ಪುಣ್ಯ. ಲಿಂಗ, ವಚನ ಅರ್ಥ ಮಾಡಿಸಲು ಅವರದು ಒಂದೇ ವಾಕ್ಯ: 'ಕತ್ತೆ ಬಂತು, ಮೇಷ್ಟ್ರು ಬಂದರು. ಅದಲು ಬದಲು ಮಾಡ್ದೋನು ಮಧ್ಯಾಹ್ನ ಊಟಕ್ಕೆ ಹೋಗಂಗಿಲ್ಲ!' (ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಿರಾದ ಷರೀಫ ಆ ವರ್ಷ ಹೊತ್ತಿಗೆ ಸರಿಯಾಗಿ ಉಂಡದ್ದು ಕಡಿಮೆ. ಈಗ ಮಧುಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಕನ್ನಡ ಈಗಲೂ ಹಾಗೇ.)

ಈಗ ಮೇಷ್ಟ್ರಿಗೆ ಪಾವಗಡಕ್ಕೆ ವರ್ಗವಾಗಿದೆ. ಅಲ್ಲಿ ಸಂತೆಯ ದಿನ ಲಾರಿಯ ಹಾರನ್ನಿಗೆ ಬೆದರಿದ ಗಾಡಿಯ ಎತ್ತೊಂದು ಅವರನ್ನು ಗುದ್ದಿ ಕೆಡವಿತು. ತಲೆ ಕಲ್ಲುಚಪ್ಪಡಿಗೆ ಬಡಿಯಿತು. ಅವತ್ತಿನಿಂದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾರೆ. ಬೆಂಗಳೂರಿಗೆ ಸಾಗಿಸೋಣವೆಂದರೆ, ಈ ಸ್ಥಿತಿಯಲ್ಲಿ ಅಲ್ಲಾಡಿಸುವುದೇ ಅಪಾಯ ಎಂದರು ಡಾಕ್ಟರು. ಪ್ರಜ್ಞೆ ಬಂದರೆ ಉಳಿದರು. ಬರದಿದ್ದರೆ?

ಕೂತಲ್ಲಿ ಕೂರಲಾಗಲಿಲ್ಲ. ಅನ್ನ ರುಚಿಸಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾದೆ, ಲೈನು ಸಿಗಲಿಲ್ಲ. ನಮ್ಮ ಸೀಮೆಯಲ್ಲಿ ಸುದ್ದಿ ಓಡಾಡುವುದು ಬಸ್ಸಿನಲ್ಲಿ ತಾನೆ? ಪಾವಗಡದ ಕಡೆಯಿಂದ ಬಸ್ಸು ಬಂದಾಗಲೆಲ್ಲ ಓಡಿಹೋಗಿ ಕಂಡಕ್ಟರನ್ನು ಹಿಡಿದುಕೊಳ್ಳುತ್ತಿದ್ದೆ. 'ಹಂಗೇ ಅವ್ರೆ ಸಾ' ಎನ್ನುವನು ಒಬ್ಬ. 'ಪರವಾಗಿಲ್ವಂತೆ' ಎನ್ನುವನು ಇನ್ನೊಬ್ಬ. ಈ 'ಪರವಾಗಿಲ್ಲ'ದಂಥ ಬೇಜವಾಬ್ದಾರಿ ಮಾತು ಕನ್ನಡದಲ್ಲಿ ಇನ್ನೊಂದಿದೆಯೇ? ಕಾಫಿಯೂ ಪರವಾಗಿಲ್ಲ, ಅಳಿಯನೂ ಪರವಾಗಿಲ್ಲ, ಸಾವು ಬದುಕಿನ ನಡುವೆ ಇರುವವರೂ ಪರವಾಗಿಲ್ಲ!

ಹೀಗಿರುವಾಗ ಓಬುಳೇಶ ಬಂದ. ಗಡಿಯಾಚೆಯ ಕಂಡಕ್ಟರು. ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಯಿತೆಂದು ಅವನಿಗೇ ಗೊತ್ತಿಲ್ಲ. ಬಸ್ಸು ಆಗಲೇ ಕೊರಟಗೆರೆ ಕಡೆಗೆ ಹೊರಟುಬಿಟ್ಟಿತ್ತು. ಜೊತೆಯಲ್ಲೇ ಓಡುತ್ತ ಕೂಗಿದೆ:

'ಹೆಂಗೈತಪ್ಪ ಈವತ್ತು?'

ಫುಟ್‌ಬೋರ್ಡಿನ ಮೇಲೆ ನಿಂತಿದ್ದವನು ಹಲ್ಲೆಲ್ಲ ಬಿಟ್ಟು ಕೂಗಿದ: 'ಎದ್ದು ನಡಿತೈತೆ ಸಾಮೀ! ಬಾಗುಂದಿ!'

ಎದ್ದು ನಡೆಯುತ್ತಿದ್ದಾರೆ! ಚೆನ್ನಾಗಿದ್ದಾರೆ! ಇನ್ನೇನು ಬೇಕು? 'ನಡೀತಾರೆ' ಎನ್ನಬೇಕಾದಲ್ಲಿ 'ನಡಿತೈತೆ' ಎಂದದ್ದು ಕಿವಿಗೆ ಬೀಳಲಿಲ್ಲವೇ? ಬಿತ್ತು. ಗಡಿ ಕಡೆಯ ಜನ, ಅವರ ಲಿಂಗ ವಚನ ಅಷ್ಟೇ ಎಂದುಕೊಂಡೆ. ಬೇಕಾದ ಸುದ್ದಿ ಬಂದಾಗ ವ್ಯಾಕರಣ ಯಾರು ನೋಡುತ್ತಾರೆ?

ಷರೀಫನ ಅಂಗಡಿಗೆ ಓಡಿದೆ. ಅವನು ಬಟ್ಟೆ ಅಳೆಯುವ ಗಜಕಡ್ಡಿಯನ್ನು ಗಿರಾಕಿಯ ಕೈಗೇ ಕೊಟ್ಟು ನನ್ನನ್ನು ತಬ್ಬಿಕೊಂಡ. 'ಅರೇ, ನಾನ್ ಹೇಳಿಲ್ವಾ ನಿಂಗೆ? ನಮ್ ಮೇಷ್ಟ್ರು ಹಂಗೆಲ್ಲ ಬಿಟ್ಟು ಹೋಗೋನಲ್ಲ ಕಣೋ!' (ಹೋಗೋನಲ್ಲ! ಇವತ್ತೂ ಅವನಿಗೆ ಊಟವಿಲ್ಲ.) ಸಕ್ಕರೆ ತಂದವನು ಅವನೇ. ನಡೆಯುವವರಿಗೆ ಆಸರೆ ಇರಲಿ ಎಂದು ಒಂದು ಬೆತ್ತದ ಊರುಗೋಲನ್ನೂ ಕೊಂಡ. ಮುಂದಿನ ಬಸ್ಸಿಗೇ ಇಬ್ಬರೂ ಪಾವಗಡಕ್ಕೆ ಹೊರಟೆವು. ದಾರಿಯುದ್ದಕ್ಕೂ ಮದುವೆ ದಿಬ್ಬಣದವರ ಹಾಗೆ ಹರಟಿದೆವು.

ಆಸ್ಪತ್ರೆಯ ಬಾಗಿಲಲ್ಲೇ ನಿಂತುಬಿಟ್ಟೆವು. ಮೇಷ್ಟ್ರು ಮಂಚದ ಮೇಲೆ ಅಂಗಾತ ಮಲಗಿದ್ದರು. ತಲೆಗೆ ಬ್ಯಾಂಡೇಜು. ಮುಚ್ಚಿದ ಕಣ್ಣು. ಪಕ್ಕದಲ್ಲಿ ಅವರ ಹೆಂಡತಿ ಸೀತಮ್ಮನವರು ಒದ್ದೆ ಬಟ್ಟೆಯಿಂದ ಅವರ ತುಟಿ ಒರೆಸುತ್ತಿದ್ದರು. ಷರೀಫ ಊರುಗೋಲನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

'ಏನಪ್ಪಾ ಅದು?' ಎಂದರು ಅಮ್ಮ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಓಬುಳೇಶ ಕೂಗಿದ್ದನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಅಮ್ಮ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು.

'ಅಯ್ಯೋ ನನ್ನಪ್ಪಾ, ಅದು ಎತ್ತು ಕಣೋ! ತೆಲುಗಲ್ಲಿ ಎತ್ತಿಗೆ ಎದ್ದು ಅಂತಾರೆ. ಇವ್ರನ್ನ ಗುದ್ದಿದ ಎತ್ತು ಓಬುಳೇಶನ ಭಾವಂದೇ. ಅದೂ ಬಿದ್ದು ಕಾಲು ಏಟು ಮಾಡ್ಕೊಂಡಿತ್ತು. ಈಗ ನಡೀತೈತಂತೆ.'

ತಪ್ಪು ಓಬುಳೇಶನದೇ? 'ಹೆಂಗೈತೆ' ಎಂದು ಕೇಳಿದವನು ನಾನು. ಯಾರು ಎಂದು ಹೇಳಲಿಲ್ಲ. ನಮ್ಮವರು ಮಲಗಿರುವಾಗ ಲೋಕವೆಲ್ಲ ಅವರ ಬಗ್ಗೆಯೇ ಯೋಚಿಸುತ್ತಿದೆ ಎಂದುಕೊಳ್ಳುತ್ತೇವೆ. ಅವನ ಮನೆಯಲ್ಲೂ ಒಂದು ಜೀವ ಮಲಗಿತ್ತು. ಅದು ಎದ್ದಿತು. ಅವನು ನಕ್ಕ. ಆ ಎತ್ತಿನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಮ್ಮ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದರು. 'ಕೇಳಿದ್ರಾ? ನಿಮ್ಮ ಶಿಷ್ಯರು ಎತ್ತಿಗೂ ನಿಮಗೂ ವ್ಯತ್ಯಾಸ ಗೊತ್ತಾಗದೆ ಊರಿಗೆಲ್ಲ ಸಕ್ಕರೆ ಹಂಚವ್ರೆ. ಎದ್ದು ಬೈಬಾರ್ದಾ?' ಎನ್ನುತ್ತಿದ್ದಂತೆ ಅವರ ನಗು ಅಳುವಾಯಿತು. ನಾವಿಬ್ಬರೂ ಮೇಷ್ಟ್ರ ಮುಖವನ್ನೇ ನೋಡುತ್ತ ನಿಂತೆವು. ಏನೂ ಆಗಲಿಲ್ಲ. ಬೆಳಿಗ್ಗೆ ಕಿರುಬೆರಳು ಆಡಿಸಿದರು, ನಾನು ಕಣ್ಣಾರೆ ಕಂಡೆ ಎಂದರು ಅಮ್ಮ. ಡಾಕ್ಟರು ಅದನ್ನು ಒಪ್ಪುವುದಿಲ್ಲವಂತೆ. ನಾನು ಒಪ್ಪಿದೆ. ಊರುಗೋಲನ್ನು ಅಮ್ಮನೇ ಈಸಿಕೊಂಡು ಮಂಚಕ್ಕೆ ಒರಗಿಸಿದರು.

ಮಧುಗಿರಿಗೆ ವಾಪಸು ಬಂದಿದ್ದೇನೆ. ಸಕ್ಕರೆ ತಿಂದವರು ದಾರಿಯಲ್ಲಿ ನಿಲ್ಲಿಸಿ 'ಈಗೆಂಗವ್ರೆ ನಿಮ್ ಮೇಷ್ಟ್ರು?' ಎಂದು ಕೇಳುತ್ತಾರೆ. ಏನು ಹೇಳಲಿ? 'ಪರವಾಗಿಲ್ಲ' ಎನ್ನುತ್ತೇನೆ. ಅದಕ್ಕಿಂತ ಒಳ್ಳೆಯ ಮಾತು ನನಗೂ ಸಿಕ್ಕಿಲ್ಲ.

ಇದನ್ನು ಬರೆಯುವಾಗ ಒಂದು ಕಡೆ 'ಮೇಷ್ಟ್ರಿಗೆ ಪಾಠವೆಂದರೆ ಪ್ರಾಣವಾಗಿತ್ತು' ಎಂದು ಬರೆದುಬಿಟ್ಟಿದ್ದೆ. ತಿರುಗಿ ಓದಿದಾಗ ಆ 'ಆಗಿತ್ತು' ಕಣ್ಣಿಗೆ ಚುಚ್ಚಿತು. ಹೊಡೆದುಹಾಕಿದೆ. ಬೇರೆಲ್ಲಾದರೂ ಹಾಗೇ ಉಳಿದಿದ್ದೀತು.

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಅಣ್ಣಾ, ಬೇರೆ ಯಾವ ತಪ್ಪಾದರೂ ಆಗಲಿ, ನಮ್ಮ ಮೇಷ್ಟ್ರನ್ನು ಮಾತ್ರ ವರ್ತಮಾನಕಾಲದಲ್ಲೇ ಜೋಡಿಸು.