ಅಣ್ಣನ ಕಾರಿನ ಮುಳ್ಳನ್ನು ಸರಿಪಡಿಸಿದವರು

ಅಣ್ಣ ತೀರಿಕೊಂಡ ಸುದ್ದಿ ಬಂದದ್ದು ಕಳೆದ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ. ಫೋನಿನಲ್ಲಿ ಅವನ ಮಗ, "ಅತ್ತೆ, ಅಪ್ಪ ಏಳಲಿಲ್ಲ" ಎಂದಷ್ಟೇ ಹೇಳಿದ. ಅಂಗಿಯ ಜೇಬಿನಲ್ಲಿ ಕಾರಿನ ಕೀಲಿ ಇತ್ತಂತೆ. ಅದನ್ನು ಕೇಳಿದಾಗ ಆ ದುಃಖದಲ್ಲಿಯೂ ನನಗೆ ನೆನಪಾದವರು, ಈ ಸಂಪುಟ ಯಾರ ಗೌರವಕ್ಕಾಗಿ ಸಿದ್ಧವಾಗುತ್ತಿದೆಯೋ ಅವರು. ಆ ಕೀಲಿಯನ್ನು ಅಣ್ಣನಿಗೆ ಮರಳಿ ಕೊಡಿಸಿದ್ದು ಅವರೇ.

ವಾಹನದ ವೇಗ ತೋರಿಸುವ ಮುಳ್ಳಿನ ಮೀಟರು ಕೆಟ್ಟರೆ ಹೊಸದನ್ನು ತಂದು ಕೂರಿಸುವವರು ಬಹಳ ಮಂದಿ. ಹಳೆಯದನ್ನು ಬಿಚ್ಚಿ, ದೋಷವನ್ನು ಅರಿತು, ಅದನ್ನೇ ಮತ್ತೆ ನಡೆಸುವವರು ವಿರಳ. ಮೂವತ್ತನಾಲ್ಕು ವರ್ಷ ನಮ್ಮ ತರಬೇತಿ ಸಂಸ್ಥೆಯಲ್ಲಿ ಈ ವಿದ್ಯೆ ಕಲಿಸಿ ಈಗ ನಿವೃತ್ತರಾಗುತ್ತಿರುವ ಇವರನ್ನು ಎಲ್ಲರೂ ಮುಳ್ಳಿನ ಮೇಷ್ಟ್ರು ಎಂದೇ ಕರೆಯುತ್ತಾರೆ. ನಾನು ಅಲ್ಲಿ ಗ್ರಂಥಪಾಲಕಿಯಾಗಿದ್ದೆ. ಕೆಲಸಕ್ಕೆ ಸೇರಿದ ವಾರವೇ ಅವರು ಯಾರೂ ಹೇಳದೆ ಗ್ರಂಥಾಲಯದ ಗೋಡೆ ಗಡಿಯಾರವನ್ನು ಇಳಿಸಿ ಸರಿಪಡಿಸಿದರು. "ಮೇಡಂ, ಓದ್ತಾ ಕೂತ ಹುಡುಗರನ್ನ ದಿನಾ ಏಳು ನಿಮಿಷ ಮೊದಲೇ ಎಬ್ಬಿಸಿ ಕಳಿಸ್ತಿದ್ರಿ" ಎಂದು ನಕ್ಕರು. ನಮ್ಮ ಸ್ನೇಹ ಅಂದು ಶುರುವಾಯಿತು.

ನಾನು ನಿವೃತ್ತಳಾಗಿ ಬಹಳ ವರ್ಷಗಳ ನಂತರದ ಮಾತು. ಅಣ್ಣನಿಗೆ ಆಗ ಎಪ್ಪತ್ತೆಂಟು. ಅವನ ಕಾರಿಗೂ ಐವತ್ತು ದಾಟಿತ್ತು. ತಾನು ನಲವತ್ತರ ವೇಗದಲ್ಲಿದ್ದೇನೆ ಎಂದು ಅವನು ಹೇಳುವಾಗ ಹಿಂದಿನ ವಾಹನಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು.

"ಅಪ್ಪಾ, ಸೈಕಲ್‌ನವನು ದಾಟಿ ಹೋದ" ಎಂದ ಮಗ.

"ಮೀಟರ್ ನೋಡೋ. ಹೇಳ್ತಿರೋದು ನಾನಲ್ಲ, ಅದು."

ವಯಸ್ಸಿನಿಂದ ಅಂದಾಜು ತಪ್ಪುತ್ತಿದೆ ಎಂದು ಮಗ ಕೀಲಿಯನ್ನು ತೆಗೆದಿಟ್ಟುಕೊಂಡ. ಕಾರನ್ನು ಮಾರುವ ಮಾತೂ ಎದ್ದಿತು. ಅಣ್ಣ ಜಗಳವಾಡಲಿಲ್ಲ, ನನ್ನನ್ನು ಪಕ್ಕಕ್ಕೆ ಕರೆದು, "ನನ್ನ ತಲೆ ಕೆಟ್ಟಿದೆಯೇನೇ? ನೀನಾದ್ರೂ ನಿಜ ಹೇಳು" ಎಂದ. ದೇವರಲ್ಲಿ ಮೊರೆಯಿಟ್ಟು ಮೇಷ್ಟ್ರಿಗೆ ಫೋನು ಮಾಡಿದೆ.

ಭಾನುವಾರ ಬಂದವರು ಮೊದಲು ಮೀಟರನ್ನು ಮುಟ್ಟಲೇ ಇಲ್ಲ. ಅಣ್ಣನ ಮಗನಿಂದ ಕೀಲಿ ಕೇಳಿ ಪಡೆದು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಕೈಗೆ ಗಡಿಯಾರ ಕೊಟ್ಟು ಅಣ್ಣನ ಜೊತೆ ಹಿಂದೆ ಕೂರಿಸಿದರು. ಊರಾಚೆಯ ನೇರ ರಸ್ತೆಯಲ್ಲಿ ಮುಳ್ಳನ್ನು ಅರವತ್ತರ ಮೇಲೆ ನಿಲ್ಲಿಸಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಓಡಿಸಿದರು. ಒಂದು ನಿಮಿಷ ಹಿಡಿಯಬೇಕಾದ ದಾರಿ ಒಂದೂವರೆ ನಿಮಿಷ ಹಿಡಿಯಿತು. ಆದರೆ ದೂರ ಎಣಿಸುವ ಅಂಕಿಗಳು ಸರಿಯಾಗಿ ಒಂದು ಕಿಲೋಮೀಟರನ್ನೇ ತೋರಿಸಿದವು.

"ದೂರ ಸರಿ, ವೇಗ ಮಾತ್ರ ತಪ್ಪು. ಅಂದ್ರೆ ಗೇರು, ಅಲ್ಲಿಂದ ಮೀಟರಿಗೆ ಬರೋ ಕೇಬಲ್ಲು ಚೆನ್ನಾಗಿವೆ. ಕಾಯಿಲೆ ಮೀಟರಿನ ಒಳಗೇ ಇದೆ" ಎಂದರು.

ಮನೆಗೆ ಬಂದು ಅಂಗಳದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೀಟರನ್ನು ಬಿಚ್ಚಿದರು. ಒಳಗೆ ತಿರುಗುವ ಅಯಸ್ಕಾಂತವು ಲೋಹದ ಪುಟ್ಟ ಬಟ್ಟಲೊಂದನ್ನು ಮುಟ್ಟದೆಯೇ ಎಳೆದು ಮುಳ್ಳನ್ನು ಏರಿಸುತ್ತದೆಯಂತೆ. ಅವೆರಡರ ನಡುವೆ ಜಿಗುಟು ಎಣ್ಣೆ ನಿಂತು ಎಳೆತ ಹೆಚ್ಚಾಗಿ, ಮುಳ್ಳು ಇಲ್ಲದ ವೇಗವನ್ನು ತೋರಿಸುತ್ತಿತ್ತು.

"ಎಣ್ಣೆ ಹೇಗೆ ಹೋಯ್ತು ಒಳಗೆ?" ಎಂದ ಅಣ್ಣನ ಮಗ. ಅಣ್ಣ ತಲೆ ತಗ್ಗಿಸಿದ. ತಿಂಗಳು ತಪ್ಪದೆ ಕೇಬಲ್ಲಿಗೆ ಎಣ್ಣೆ ಬಿಡುತ್ತಿದ್ದವನು ಅವನೇ. ಅದು ಕೇಬಲ್ಲಿನ ಗುಂಟ ಮೇಲೇರಿತ್ತು. ಮೇಷ್ಟ್ರು ಬಟ್ಟಲನ್ನು ಒರೆಸುತ್ತಲೇ, "ಬಹಳ ಜೋಪಾನ ಮಾಡಿದ ಗಾಡೀಲಿ ಹೀಗಾಗತ್ತಪ್ಪ. ಮೀಟರ್ ಹೇಳಿದ ಹಾಗೆ ನಿಮ್ಮಪ್ಪ ಓಡಿಸಿದ್ರು. ತಲೆ ನೆಟ್ಟಗಿರೋರು ಮಾಡೋದೇ ಅದು" ಎಂದರು.

ಸಂಜೆ ಅದೇ ರಸ್ತೆಗೆ ಮತ್ತೆ ಹೋದೆವು. ಈ ಸಲ ಸ್ಟಿಯರಿಂಗ್ ಹಿಡಿದವನು ಅಣ್ಣ. ಮುಳ್ಳು ಅಲುಗದೆ ಅರವತ್ತರ ಮೇಲೆ ನಿಂತಿತ್ತು. ಎರಡನೆಯ ಕಲ್ಲು ದಾಟಿದಾಗ ನನ್ನ ಕೈಯಲ್ಲಿದ್ದ ಗಡಿಯಾರದಲ್ಲಿ ಸರಿಯಾಗಿ ಒಂದು ನಿಮಿಷವಾಗಿತ್ತು. ಮನೆ ತಲುಪಿ ಅಣ್ಣ ಕೀಲಿಯನ್ನು ಮಗನ ಮುಂದೆ ಚಾಚಿದ. ಮಗ ಅದನ್ನು ತೆಗೆದುಕೊಳ್ಳದೆ ಅಪ್ಪನ ಅಂಗಿಯ ಜೇಬಿಗೇ ಹಾಕಿ, "ತಪ್ಪಾಯ್ತಪ್ಪಾ" ಎಂದ. ಅಣ್ಣ ಅಷ್ಟು ಎದೆಯುಬ್ಬಿಸಿ ನಿಂತದ್ದನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ.

ಹೊರಡುವಾಗ ಮೇಷ್ಟ್ರು, "ಅಣ್ಣಾ, ಎಣ್ಣೆ ಡಬ್ಬಿ ಮಾತ್ರ ಇನ್ಮೇಲೆ ನನ್ನ ಹತ್ರ ಇರ್ಲಿ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡರು.

ಅಲ್ಲಿಂದ ಹದಿನಾಲ್ಕು ತಿಂಗಳು, ತೀರಿಕೊಳ್ಳುವ ಹಿಂದಿನ ದಿನದವರೆಗೂ, ಅಣ್ಣ ಆ ಕಾರನ್ನು ತಾನೇ ಓಡಿಸಿದ. ಮೇಷ್ಟ್ರು ನೂರು ವರ್ಷ ಬಾಳಲಿ. ನಿವೃತ್ತಿಯ ನಂತರವೂ ಅವರ ಮೇಜಿನ ಬಿಳಿ ಬಟ್ಟೆ ಮಡಿಸಿಡುವ ದಿನ ಬಾರದಿರಲಿ. ಎಣ್ಣೆ ಡಬ್ಬಿಯನ್ನು ಅವರು ಹಿಂದಿರುಗಿಸಬೇಕಿಲ್ಲ. ತನ್ನ ಬುದ್ಧಿಯ ಮೇಲೆ ತನಗೇ ಮರಳಿದ ನಂಬಿಕೆಯೊಡನೆ ಹೊರಟ ನನ್ನ ಅಣ್ಣನನ್ನು ದೇವರು ತನ್ನ ಬಳಿ ಕೂರಿಸಿಕೊಳ್ಳಲಿ, ಅವನ ಆತ್ಮಕ್ಕೆ ಶಾಂತಿಯನ್ನು ಕೊಡಲಿ.