ಬಾಣಲೆ ಇಡದ ವರ್ಷ ಹಡಗಿಗೆ ಹೋದ ಚಕ್ಕುಲಿ

ಚಿಮ್ಮೀ, ಬಾಬೂ,

ನಿಮಗಿಬ್ಬರಿಗೂ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಇದನ್ನು ನಿಮ್ಮ ಅಮ್ಮ ಓದಿ ಹೇಳಬೇಕು. ನಡುವೆ ಎದ್ದು "ಅಜ್ಜಿ, ಹಿಂದೀ ಮೇ ಬೋಲೋ ನಾ" ಎನ್ನಬೇಡಿ. ಎದುರು ಕೂತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತನಕ ಓದಿದವಳು ನಾನು. ಅಲ್ಲಿಯೂ ಪಾಠ ಒಪ್ಪಿಸಲು ನಿಲ್ಲಿಸಿದರೆ ಸ್ವರ ಏಳುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ತೋರಿಸಿದರೆ ಎಲ್ಲ ಸರಿ ಇರುತ್ತಿತ್ತು. ಈಗಲೂ ಅಷ್ಟೇ.

ನಿಮ್ಮ ಅಪ್ಪ, ನನ್ನ ಮಗ, ಈಗ ಹಡಗಿನಲ್ಲಿದ್ದರೂ ಫೋನಿನಲ್ಲಿ ಮುಖ ಕಾಣುತ್ತದೆ. ಬಾಬು ತನ್ನ ಬಿದ್ದ ಹಲ್ಲನ್ನೂ ಅದರಲ್ಲೇ ತೋರಿಸಿದ. ಚಿಮ್ಮಿ ಹುಟ್ಟುವ ಮೊದಲು ಹಾಗಿರಲಿಲ್ಲ. ಅಪ್ಪ ಸರಕಿನ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಹಡಗು ಬಂದರು ಮುಟ್ಟಿದರೆ ಫೋನು, ಇಲ್ಲದಿದ್ದರೆ ಇಲ್ಲ. ನಾವು ಮುಂಬಯಿ ಪಕ್ಕದ ಡೊಂಬಿವಲಿಯ ಇದೇ ಮನೆಯಲ್ಲಿ ಫೋನಿನ ಪಕ್ಕ ಕೂತು ತರಕಾರಿ ಹೆಚ್ಚುತ್ತಿದ್ದೆವು.

ದೀಪಾವಳಿಗೆ ಅವನಿಗೆ ತಿಂಡಿ ಕಳಿಸುವುದು ಅಂಚೆಯಲ್ಲಿ ಆಗುವ ಕೆಲಸವಲ್ಲ. ಓಡಾಡುತ್ತಿರುವ ಹಡಗಿಗೆ ಯಾವ ವಿಳಾಸ ಬರೆಯುವುದು? ಯಾವುದೋ ದೇಶದ ಬಂದರಿನಲ್ಲಿ ಅವಧಿ ಮುಗಿದವರು ಇಳಿಯುತ್ತಾರೆ, ಅವರ ಜಾಗಕ್ಕೆ ಹೊಸಬರು ಇಲ್ಲಿಂದ ವಿಮಾನದಲ್ಲಿ ಹೋಗಿ ಹತ್ತುತ್ತಾರೆ. ಹಾಗೆ ಹತ್ತುವವನ ಬ್ಯಾಗೇ ನಮ್ಮ ಅಂಚೆ ಚೀಲ. ಒಬ್ಬನಿಗೆ ಟಿಕೆಟ್ ಆಯಿತೆಂದು ಬೇಲಾಪುರದ ಹಡಗು ಕಂಪನಿಯ ಕಚೇರಿಯಿಂದ ಸುದ್ದಿ ಹೊರಬಿದ್ದರೆ ಸಾಕು, ಕೋಪರಖೈರಣೆಯಿಂದ ಬದಲಾಪುರದ ತನಕ ಹಡಗಿನವರ ಮನೆಯ ಹೆಂಗಸರ ಫೋನುಗಳು ಓಡುತ್ತಿದ್ದವು. ಅವನ ಬ್ಯಾಗಿನಲ್ಲಿ ಎಷ್ಟು ಜಾಗ ಉಂಟು, ಯಾರದ್ದು ಎಷ್ಟು ಹಿಡಿಸುತ್ತದೆ ಎಂದು ಮಾತುಕತೆ. ಎಣ್ಣೆ ಸೋರುವ ಯಾವುದೂ ಕೂಡದು. ಮೊದಲ ವರ್ಷ ನಾನು ತಿಳಿಯದೆ ಮಿಡಿ ಉಪ್ಪಿನಕಾಯಿಯ ಬಾಟ್ಲಿ ಇಟ್ಟಿದ್ದೆ. ಒಯ್ದವನ ಬಿಳಿ ಅಂಗಿಗಳೆಲ್ಲ ಕೆಂಪಾಗಿ, ಹಡಗಿನಲ್ಲಿ ಅವನಿಗೆ ಆ ಸಲವಿಡೀ "ಅಚಾರ್" ಎಂದೇ ಹೆಸರು ಉಳಿಯಿತಂತೆ.

ಇನ್ನೊಂದು ಕಟ್ಟುನಿಟ್ಟು, ಪೊಟ್ಟಣ ತೆರೆದೇ ಇರಬೇಕು. ಒಳಗೆ ಏನುಂಟು ಎಂದು ಒಯ್ಯುವವನು ಕಣ್ಣಾರೆ ನೋಡಬೇಕು. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಉತ್ತರ ಕೊಡಬೇಕಾದವನು ಅವನಲ್ಲವೇ?

ನಿಮ್ಮ ಅಜ್ಜನಿಗೆ ಈ ಕಾನೂನು ಹಿಡಿಸುತ್ತಿರಲಿಲ್ಲ. ಅವರು ಶಹಾಡಿನ ಒಂದು ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವುದರಿಂದ ಸುರುಮಾಡಿ ಗಲ್ಲಾದ ತನಕ ಏರಿದವರು. "ಕಟ್ಟದೆ ಕೊಟ್ಟದ್ದು ಪಾರ್ಸೆಲಾ? ಅದು ರಾಶಿ" ಎನ್ನುತ್ತಿದ್ದರು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಬಿಳಿ ನೂಲಿನ ಉಂಡೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು, ಒಯ್ಯುವವನಿಗೆ ಎಲ್ಲ ತೋರಿಸಿ ಅವನ ಎದುರೇ ಕಟ್ಟುವುದು. ಬೇಲಾಪುರದ ಕಚೇರಿಯ ಕೆಳಗೆ, ವಡಾಪಾವಿನ ಗಾಡಿಯ ಪಕ್ಕದ ಕಟ್ಟೆಯ ಮೇಲೆ ಅವರು ಕಟ್ಟುವುದನ್ನು ನಾನೊಮ್ಮೆ ದೂರ ನಿಂತು ನೋಡಿದ್ದೇನೆ. ಕಾಗದ ಮಡಚಿ, ನೂಲನ್ನು ಅಡ್ಡ ಒಂದು, ಉದ್ದ ಒಂದು ಸುತ್ತಿ, ಬೆರಳಿಗೆ ಸುರುಳಿ ಹಾಕಿ ಪಟಕ್ಕೆಂದು ತುಂಡು ಮಾಡುತ್ತಿದ್ದರು. ಕತ್ತರಿ ಬೇಡ. ಸುತ್ತ ನಿಂತ ಹುಡುಗರು "ಅಂಕಲ್, ಫಿರ್ ಸೇ!" ಎಂದರೆ, ಬಿಗುಮಾನದಿಂದ ಇನ್ನೊಂದು ಕಟ್ಟು. ಒಳಗೆ ನನ್ನ ಉದ್ದಿನ ಚಕ್ಕುಲಿ, ತುಕ್ಕುಡಿ, ಎಳ್ಳುಂಡೆ.

ಒಂದು ಮಳೆಗಾಲದಲ್ಲಿ ಅಜ್ಜ ಹೋದರು. ಬೆಳಿಗ್ಗೆ ಚಾ ಕುಡಿದು ಚಪ್ಪಲಿ ಹಾಕಲು ಬಗ್ಗಿದವರು ಏಳಲಿಲ್ಲ. ಅಪ್ಪನ ಹಡಗು ನಡುನೀರಿನಲ್ಲಿತ್ತು. ಕಂಪನಿಯವರು ಸುದ್ದಿ ಮುಟ್ಟಿಸಿದರು, ಆದರೆ ಅಲ್ಲಿಂದ ಇಳಿದು ಬರುವುದು ಹೇಗೆ? ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆಯೇ ಹಡಗು ದಡ ಮುಟ್ಟಿದ್ದು. ಅವನು ಫೋನು ಮಾಡಿದ. ನಾನು "ಊಟ ಮಾಡಿದೆಯಾ?" ಎಂದೆ, ಅವನು "ಹೂಂ" ಎಂದ. ನಾನು ಫೋನನ್ನು ನಿಮ್ಮ ಅಮ್ಮನ ಕೈಗೆ ಕೊಟ್ಟೆ.

ಆಮೇಲಿನ ಫೋನುಗಳಲ್ಲಿ ಅವನು ನನ್ನನ್ನು ಕೇಳುವುದೇ ನಿಂತಿತು. ಒಂದು ದಿನ ನಿಮ್ಮ ಅಮ್ಮ ಮೆಲ್ಲ ಹೇಳಿದಳು, "ಅತ್ತೆ, ಅವ್ರು ಕೇಳ್ತಿದ್ರು, ಅಮ್ಮನಿಗೆ ನನ್ನ ಮೇಲೆ ಸಿಟ್ಟುಂಟಾ ಅಂತ. ಚಿತೆಗೆ ಬೆಂಕಿ ಕೊಡ್ಲಿಕ್ಕೆ ನಾನಿರ್ಲಿಲ್ಲ, ಅದಕ್ಕೇ ಫೋನು ದಾಟಿಸಿದ್ದು ಅಂತ ಹೇಳ್ತಾರೆ."

ಸಿಟ್ಟು ಎಲ್ಲಿಯದು? ಆದರೆ ಅದನ್ನು ಫೋನಿನಲ್ಲಿ ಹೇಳಿ ಒಪ್ಪಿಸುವ ಬಾಯಿ ನನಗಿಲ್ಲ. ಇಷ್ಟು ವರ್ಷ ಅವನ ಜೊತೆ ನಾನು ಮಾತಾಡಿದ್ದು ಆ ಪೊಟ್ಟಣದಲ್ಲಿ. ಆ ವರ್ಷದ ದೀಪಾವಳಿಗೆ ಅದು ಹೋಗದಿದ್ದರೆ, ಸಿಟ್ಟು ಇರುವುದು ಹೌದೆಂದೇ ಅವನು ನಂಬುತ್ತಿದ್ದ.

ಬದಲಾಪುರದ ಒಬ್ಬ ಫಿಟ್ಟರು ಹಬ್ಬಕ್ಕೆ ಮೊದಲು ಅದೇ ಹಡಗು ಹತ್ತುತ್ತಾನೆ ಎಂದು ಸುದ್ದಿ ಬಂತು. ತೊಡಕು ಬೇರೆ ಇತ್ತು. ಮನೆಯಲ್ಲಿ ಒಬ್ಬರು ಹೋದ ವರ್ಷ ನಮ್ಮಲ್ಲಿ ಹಬ್ಬ ಇಲ್ಲ, ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡುವುದಿಲ್ಲ. ನೆರೆಯವರು ತಾವಾಗಿ ತಂದುಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳಬಹುದು. ಅವರು ತರುವುದು ಹಬ್ಬದ ದಿನ, ನನಗೆ ಬೇಕಾದದ್ದು ಅದಕ್ಕೂ ಮೊದಲು.

"ಸ್ಟೇಷನ್ ಹತ್ರ ಹಬ್ಬದ ಫರಾಳ್ ತಿಂಡಿ ರೆಡಿ ಸಿಗ್ತದಲ್ಲ ಅತ್ತೆ" ಎಂದಳು ನಿಮ್ಮ ಅಮ್ಮ.

"ಅಂಗಡಿಯದ್ದು ಕಂಡ್ರೆ ಅವನಿಗೆ ಎಂತ ಕಾಣ್ತದೆ? ಬೇಕೋ ಬೇಡವೋ ಅಂತ ಕಳಿಸಿದ್ದು ಅಂತ."

"ಹಾಗಾದ್ರೆ ಎದುರು ಮನೆಯವ್ರನ್ನು ಕೇಳಿ."

ಕೇಳುವುದು! ಉಪ್ಪು ಮುಗಿದ ದಿನ ಸಪ್ಪೆ ಉಂಡವಳು ನಾನು, ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋದವಳಲ್ಲ. "ನಿನ್ನ ಅಮ್ಮ ಮುಳುಗುವಾಗಲೂ ಕೈ ಎತ್ತುವವಳಲ್ಲ" ಎಂದು ಅಜ್ಜ ಮಗನ ಎದುರು ಹಾಸ್ಯ ಮಾಡುತ್ತಿದ್ದರು. ಮತ್ತೆ, ವರ್ಷ ತುಂಬದ ವಿಧವೆ ಹಬ್ಬದ ವಾರ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವುದು ಹೇಗೆ? ಮಧ್ಯಾಹ್ನವಿಡೀ ನಮ್ಮ ಬಾಗಿಲ ಒಳಗೇ ನಿಂತೆ. ಕೊನೆಗೆ ನಿಮ್ಮ ಅಮ್ಮನೇ ತುಂಬಿದ ಹೊಟ್ಟೆ ಹೊತ್ತು ಬಂದು ಎದುರು ಮನೆಯ ಬೆಲ್ ಒತ್ತಿ, ನನ್ನನ್ನು ಅಲ್ಲಿ ಬಿಟ್ಟು ಒಳಗೆ ಹೋದಳು. ಚಿಮ್ಮೀ, ಆ ಹೊಟ್ಟೆಯಲ್ಲಿದ್ದವಳು ನೀನು.

ಎದುರು ಮನೆಯ ಮರಾಠಿ ಹೆಂಗಸು ಬಾಗಿಲು ತೆರೆದರು. ನಾನು ನನ್ನ ಹರಕು ಹಿಂದಿಯಲ್ಲಿ ಮಗ, ಹಡಗು, ಬಾಣಲೆ ಎಂದು ಏನೇನೋ ಹೇಳಿದೆ. ಅವರು ಮುಖ ನೋಡಿಯೇ ಅರ್ಥ ಮಾಡಿಕೊಂಡರು.

"ಅಹೋ ವಹಿನಿ, ಇದನ್ನು ಹೇಳಲಿಕ್ಕೆ ಇಷ್ಟು ಬೆವರಾ? ಕಾಳಜಿ ಕರೂ ನಕಾ, ಚಿಂತೆ ಬೇಡ. ಚಕಲಿ ನನ್ನದು. ಆದರೆ ನನ್ನ ಹಿಟ್ಟಿನದ್ದು. ನಿಮ್ಮ ಆ ಬೆಳ್ಳಗಿನ ಉಡುಪಿ ಚಕಲಿ ನನ್ನ ಕೈಯಲ್ಲಿ ಆಗುವುದಿಲ್ಲ."

ಅಷ್ಟರಲ್ಲಿ ಮಹಡಿಯ ಮೆಟ್ಟಿಲು ಇಳಿಯುತ್ತಿದ್ದ ಮೈಸೂರಿನ ಹೆಂಗಸು ನಿಂತರು. ಅವರ ಯಜಮಾನರು ಬ್ಯಾಂಕಿನ ಕಂಪ್ಯೂಟರು ಕೆಲಸದವರು. ನಮ್ಮ ಜೊತೆ ಹೆಚ್ಚು ಬಳಕೆ ಇರಲಿಲ್ಲ.

"ಏನ್ರೀ ಅದು, ಹಡಗಿಗೆ ತಿಂಡಿನಾ? ಕೊಬ್ರಿ ಮಿಠಾಯಿ ನಾನ್ ಮಾಡ್ತೀನಿ ಕಣ್ರೀ. ನೀವು ಬೇಡ ಅಂದ್ರೂ ಮಾಡ್ತೀನಿ."

ಮರುದಿನ ಎದುರು ಮನೆಯವರ ಅಡುಗೆಮನೆಯಲ್ಲಿ ನಾನು ಮೂಲೆಯಲ್ಲಿ ಕೂತಿದ್ದೆ. ಅವರು ಚಕ್ಕುಲಿ ಒರಳನ್ನು ನನ್ನ ಮಡಿಲಿಗೇ ಇಟ್ಟರು. ನಾನು ಕೈ ಹಿಂದೆ ಎಳೆದೆ.

"ಒತ್ತಿರಿ ವಹಿನಿ. ನಿಷೇಧ ನಿಮ್ಮ ಬಾಣಲೆಗೆ. ನನ್ನ ಬಾಣಲೆಗೆ ಯಾರೂ ಸತ್ತಿಲ್ಲ."

ಅಷ್ಟು ತಿಂಗಳಲ್ಲಿ ನಾನು ನಕ್ಕದ್ದು ಅದೇ ಮೊದಲು. ನಕ್ಕೆನೆಂದು ನಾಚಿ ಸೆರಗು ಬಾಯಿಗೆ ಹಿಡಿದುಕೊಂಡೆ. ಅವರು ನೋಡದವರ ಹಾಗೆ ಒಲೆಯ ಕಡೆ ತಿರುಗಿದರು.

ನಿಮ್ಮ ಅಮ್ಮ ರೈಲು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಬದಲಾಪುರಕ್ಕೆ ನಾನೊಬ್ಬಳೇ ಹೊರಟೆ. ಅದರ ಮೊದಲು ಒಬ್ಬಳೇ ಲೋಕಲ್ ಹತ್ತಿದ್ದಿಲ್ಲ. ತಿಂಡಿಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹೆಂಗಸರ ಬೋಗಿಯಲ್ಲಿ ಬಾಗಿಲ ಹತ್ತಿರವೇ ನಿಂತೆ. ಕಲ್ಯಾಣ ಜಂಕ್ಷನ್ ಕಳೆದ ಮೇಲೆ ಪ್ರತಿ ಸ್ಟೇಷನ್ನಿಗೂ ಪಕ್ಕದವಳನ್ನು "ಬದಲಾಪುರ?" ಎಂದು ಕೇಳುತ್ತಿದ್ದೆ. ಅವಳು ಕೊನೆಗೆ, "ಮಾವ್ಶಿ, ಬಂದಾಗ ನಾನೇ ನಿಮ್ಮನ್ನು ತಳ್ಳುತ್ತೇನೆ" ಎಂದಳು. ಹಾಗೇ ಮಾಡಿದಳು.

ಫಿಟ್ಟರನ ಮನೆಯಲ್ಲಿ ಬ್ಯಾಗು ಹಾಸಿಗೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು. ನಾನು ಡಬ್ಬಿಯ ಮುಚ್ಚಳ ತೆಗೆದೆ.

"ಅರೇ ಆಂಟಿ, ಪೂರೇ ಜಹಾಜ್ ಕೀ ದಿವಾಲಿ?" ಇಡೀ ಹಡಗಿಗೇ ಹಬ್ಬವಾ ಎಂದು ಅವನು ನಕ್ಕ. ಅವನ ಹೆಂಡತಿ ಮಾತಾಡದೆ ತಾನು ಇಟ್ಟಿದ್ದ ಒಂದು ಚಾದರ ತೆಗೆದು ಜಾಗ ಮಾಡಿದಳು. ನಾನು ಸೊಂಟದಲ್ಲಿ ಸಿಕ್ಕಿಸಿದ್ದ ಅಜ್ಜನ ನೂಲಿನ ಉಂಡೆ ತೆಗೆದು, ಅವನ ಎದುರೇ ತಿಂಡಿಯನ್ನು ಕಾಗದಕ್ಕೆ ಹಾಕಿ ಮಡಚಿದೆ. ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು. ಬೆರಳಿಗೆ ಸುರುಳಿ ಹಾಕಿ ಎಳೆದರೆ ನೂಲು ತುಂಡಾಗಲಿಲ್ಲ, ಬೆರಳು ಕೊಯ್ದಿತು. ಕತ್ತರಿ ಕೇಳಿದೆ. ಅದೂ ಕೇಳಿದೆ ನೋಡಿ. ಗಂಟು ಮಾತ್ರ ನನಗೆ ಬರುವುದೊಂದೇ, ಹೆಣ್ಣುಮಕ್ಕಳ ಜಡೆಗೆ ರಿಬ್ಬನ್ ಕಟ್ಟುವ ಹೂಗಂಟು.

ಹಬ್ಬ ಬಂತು, ಹೋಯಿತು. ನಮ್ಮ ಮನೆಯಲ್ಲಿ ದೇವರ ದೀಪ ಬಿಟ್ಟರೆ ಬೇರೆ ಹಚ್ಚಲಿಲ್ಲ. ಕೆಲವು ದಿನ ಕಳೆದು ಫೋನು ಬಂತು. ನಿಮ್ಮ ಅಮ್ಮ ಎರಡು ಮಾತಾಡಿ, "ನಿಮ್ಮನ್ನೇ ಕರೀತಿದ್ದಾರೆ" ಎಂದು ನನ್ನ ಕೈಗೆ ಕೊಟ್ಟಳು. ನಾವು ತುಳುವಿನಲ್ಲಿ ಆಡಿದ್ದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ಅಮ್ಮ, ಚಕ್ಕುಲಿ ಯಾರು ಮಾಡಿದ್ದು? ನಿನ್ನದಲ್ಲ ಅದು."

"ಈ ವರ್ಷ ಬಾಣಲೆ ಇಡ್ಲಿಕ್ಕಿಲ್ಲ ಅಲ್ವಾ ಮಗ. ಎದುರು ಮನೆಯವರದ್ದು."

"ಅವರೇ ಕೊಟ್ರಾ?"

"ಇಲ್ಲ. ಕೇಳಿದೆ."

"ಯಾರು ಕೇಳಿದ್ದು?"

"ನಾನೇ."

ಆ ಕಡೆಯಿಂದ ಅಳು ಕೇಳಿತು. ಅಜ್ಜ ಹೋದ ಮೇಲೆ ಅವನು ಅತ್ತದ್ದು ನನ್ನ ಕಿವಿಗೆ ಬಿದ್ದದ್ದು ಆಗಲೇ. ಮೂಗು ಎಳೆದುಕೊಂಡು ಕೇಳಿದ, "ಮತ್ತೆ ಆ ಗಂಟು? ಇಡೀ ಮೆಸ್ಸಿನಲ್ಲಿ ನಗಾಡಿದ್ರು, ಪೊಟ್ಟಣಕ್ಕೆ ಜಡೆ ಹಾಕಿದ್ದಾರೆ ಅಂತ."

"ನನಗೆ ಬರುವುದು ಅದೇ."

"ಅಮ್ಮ, ಸಿಟ್ಟುಂಟಾ?"

ಇಷ್ಟು ದಿನ ಬಾರದ ಮಾತು ಆಗ ತಾನಾಗಿ ಬಂತು. "ಸಿಟ್ಟಿದ್ದವಳು ಒಬ್ಬಳೇ ಲೋಕಲ್ ಹತ್ತಿ ಬದಲಾಪುರಕ್ಕೆ ಹೋಗ್ತಾಳಾ ಮಾರಾಯ?"

ಅವನು ಹಡಗು ಇಳಿದು ಮನೆಗೆ ಬಂದದ್ದು ಚಿಮ್ಮಿ ಹುಟ್ಟಿದ ಮೇಲೆ. ಮಗುವನ್ನು ಎತ್ತಿ, ಅಜ್ಜನ ಫೋಟೋದ ಎದುರು ಬಹಳ ಹೊತ್ತು ನಿಂತ. ಆಮೇಲೆ ಬ್ಯಾಗಿನಿಂದ ಒಂದು ಪೆನ್ಸಿಲ್ ತೆಗೆದು ನನ್ನ ಕೈಯಲ್ಲಿಟ್ಟ. ಅದರ ಸುತ್ತ ಬಿಳಿ ನೂಲು ಸುತ್ತಿತ್ತು. ಪ್ರತಿ ದೀಪಾವಳಿಯ ಪೊಟ್ಟಣದ ನೂಲನ್ನೂ ಅವನು ಕತ್ತರಿಸದೆ, ಗಂಟು ಬಿಚ್ಚಿ ಸುತ್ತಿಟ್ಟುಕೊಂಡಿದ್ದ. ಹೊರಗಿನ ತುದಿ ನನ್ನದು, ಒಳಗಿನದ್ದೆಲ್ಲ ಅಜ್ಜನದು.

ಈ ಹಾಳೆಗಳನ್ನು ಅದೇ ನೂಲಿನಲ್ಲಿ ಕಟ್ಟಿದ್ದೇನೆ. ಗಂಟು ಹೂಗಂಟೇ, ನಗಬೇಡಿ. ಕತ್ತರಿ ಹಾಕದೆ ಬಿಚ್ಚಿ, ಓದಿ ಆದ ಮೇಲೆ ಹಾಗೇ ಮತ್ತೆ ಕಟ್ಟಿ, ನನ್ನ ಕಪಾಟಿನಲ್ಲಿ ಚಕ್ಕುಲಿ ಒರಳಿನ ಪಕ್ಕ ಇಡಿ. ಮನೆ ಬದಲಾಯಿಸುವ ದಿನ ಬಂದರೆ ರದ್ದಿಯವನ ರಾಶಿಗೆ ಸೇರದ ಹಾಗೆ ನೋಡಿಕೊಳ್ಳಿ, ಮಕ್ಕಳೇ.